ಸಮುದ್ರ ದಾಟಿದ ಖರ್ಜೂರ

ಕೆಬಿಲಿ,
ಅಕ್ಟೋಬರ್ ೨೮, ಮಂಗಳವಾರ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚುವವರೆಗೆ ಉಜ್ಜಬೇಡ. ಅಕ್ಕನ ಅಡುಗೆಗೆ ಖಾರ ಸಾಲದು ಎಂದು ದೂರಿದೆಯಂತೆ; ಸ್ಫಾಕ್ಸ್‌ನಲ್ಲಿ ಇರುವಷ್ಟು ದಿನ ಮೀನು ತಿಂದು ಸುಮ್ಮನಿರು. ಅಮ್ಮ ಆರಾಮಾಗಿದ್ದಾಳೆ. ನೀನಿಲ್ಲದ ತೋಟ ಮಾತ್ರ ಯಾರನ್ನೋ ಕಾಯುತ್ತ ನಿಂತ ಹಾಗೆ ಕಾಣುತ್ತದೆ.

ನಮ್ಮ ಬೆಳೆಗಾರರ ಸಂಘದ ಖರ್ಜೂರ ಹೊರಟ ಸುದ್ದಿ ಅಕ್ಕ ಹೇಳಿರಬಹುದು. ಹೋದ ವರ್ಷ ಕಡಲಾಚೆಯ ಜಿನೋವಾ ಮುಟ್ಟುವಷ್ಟರಲ್ಲಿ ಸರಕೆಲ್ಲ ಹುಳಿ ಹಿಡಿದಿತ್ತಲ್ಲ. ಬಂದರಿನವರು ಹಡಗಿನವರನ್ನು, ಹಡಗಿನವರು ನಮ್ಮನ್ನು ದೂರಿದರು. ಇನ್ನೊಮ್ಮೆ ಹೀಗಾದರೆ ಕೆಬಿಲಿಯ ಹಣ್ಣೇ ಬೇಡ ಎಂದರು ಅಲ್ಲಿನ ವ್ಯಾಪಾರಿಗಳು. ಅದಕ್ಕೇ ಈ ಸಲ ಪೆಟ್ಟಿಗೆಗಳ ನಡುವೆ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ ಇಟ್ಟೆ. ಕಂಟೇನರ್ ಎಲ್ಲಿದೆ, ಒಳಗೆ ಎಷ್ಟು ತಂಪಿದೆ ಎಂದು ಅದು ನನ್ನ ಫೋನಿಗೆ ಹೇಳುತ್ತಿರುತ್ತದೆ. "ಹಣ್ಣಿನ ಗುಣ ಬೆರಳಿಗೆ ಗೊತ್ತಾಗ್ಬೇಕು, ಫೋನಿಗಲ್ಲ" ಎಂದು ಅಕ್ಕನ ಮನೆಗೆ ಹೊರಡುವ ಮುಂಚೆ ನೀನು ನಕ್ಕಿದ್ದೆ.

ಗುರುವಾರ ಸಂಜೆ ಕಾಲುವೆಯ ಬದಿಯಲ್ಲಿ ಕೂತಿದ್ದೆ. ಗರಿಗಳ ನಡುವಿನ ಬೆಳಕು ಜೇನಿನಂತೆ ನೀರಿಗೆ ಇಳಿಯುತ್ತಿತ್ತು. ಫೋನು ನಡುಗಿತು. ರಾಡೆಸ್ ಬಂದರಿನಲ್ಲಿ ಹಡಗಿಗೆ ಕಾದಿದ್ದ ನಮ್ಮ ಕಂಟೇನರಿನೊಳಗೆ ಬಿಸಿ ಏರುತ್ತಿತ್ತು. ಬಂದರಿಗೆ ಫೋನ್ ಮಾಡಿದೆ. ಅಲ್ಲಿನ ಕಾವಲಿನ ನಿಜಾರ್ ಎತ್ತಿಕೊಂಡು, "ಇಲ್ಲೇ ಇರೋ ನನಗೆ ಕಾಣ್ದಿದ್ದು ಮರಳುಗಾಡಲ್ಲಿ ಕೂತ ನಿಮಗೆ ಕಾಣುತ್ತಾ ತಂಗೀ?" ಎಂದು ರೇಗಿಸಿದ. "ಹೋಗಿ ತಂಪಿನ ಯಂತ್ರಕ್ಕೆ ಕಿವಿ ಇಟ್ಟು ನೋಡಣ್ಣ, ಸದ್ದಿದ್ರೆ ಆಮೇಲೆ ಬೈಯಿ" ಎಂದೆ. ಹೋದ. ಫೋನಿನಲ್ಲಿ ಅವನ ಹೆಜ್ಜೆ, ಗಾಳಿ, ಕಡಲಹಕ್ಕಿಗಳ ಕೂಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, "ಸದ್ದಿಲ್ಲ ಕಣಮ್ಮ. ಪ್ಲಗ್ಗೇ ಹಾಕಿಲ್ಲ ಯಾರೂ" ಎಂದ. ಅವನು ಹಾಕಿದ. ತಂಪಿನ ಯಂತ್ರ ಗುಂಯ್ ಎಂದದ್ದು ಇಲ್ಲಿಗೂ ಕೇಳಿಸಿತು. ನನಗೆ ಅಳುವೇ ಬಂತು.

ಹಡಗು ಹೊರಟ ಮೇಲೆ ಅಮ್ಮ ರೊಟ್ಟಿ ತಟ್ಟುತ್ತಲೇ "ಎಲ್ಲಿಗೆ ಹೋಯ್ತೇ ನಮ್ಮ ಹಣ್ಣು?" ಎನ್ನುವಳು. ಕಡಲನ್ನೇ ಕಾಣದವಳು, ನೀಲಿ ಪರದೆಯ ಮೇಲೆ ತೇಲುವ ಚುಕ್ಕಿಯನ್ನು ಹಿಟ್ಟಿನ ಬೆರಳಿಂದ ಸವರುವಳು. ನಾವಿಬ್ಬರೂ ಆ ಚುಕ್ಕಿಯೊಳಗೇ ಕೂತು ತೇಲುತ್ತಿದ್ದೇವೆ ಅನ್ನಿಸುತ್ತಿತ್ತು. ನಿನ್ನೆ ಜಿನೋವಾದಲ್ಲಿ ಪೆಟ್ಟಿಗೆ ತೆರೆದರು. ಒಂದು ಹಣ್ಣೂ ಕೆಟ್ಟಿಲ್ಲ.

ಅಕ್ಕನ ಮಕ್ಕಳಿಗೆ ಮುತ್ತು. ದೇವರು ನಿನ್ನ ಕಣ್ತುಂಬ ಬೆಳಕು ಕೊಡಲಿ.

ನಿನ್ನ ಮಗಳು,
ಮಬ್ರೂಕಾ

ತಾ.ಕ.: ಅಕ್ಕಾ, ಓದಿ ಹೇಳುವವಳು ನೀನೇ ತಾನೆ, ಇಲ್ಲಿಂದ ಮುಂದಿನದನ್ನು ಅಪ್ಪನ ಊಟವಾದ ಮೇಲೆ ಓದು. ಇಷ್ಟು ವರ್ಷ ಅಪ್ಪ ಕೂತ ಸಂಘದ ಅಧ್ಯಕ್ಷರ ಕುರ್ಚಿಯಲ್ಲಿ ನಿನ್ನೆ ಸಂಜೆ ಎಲ್ಲರೂ ಸೇರಿ ನನ್ನನ್ನು ಕೂರಿಸಿದರು. ಅಪ್ಪನನ್ನು ಕೇಳದೆ ಒಪ್ಪಿಬಿಟ್ಟೆ. ಅಪ್ಪ ನಕ್ಕರೆ ಕೂಡಲೇ ಫೋನ್ ಮಾಡು. ನಗದಿದ್ದರೆ ಮಾಡಬೇಡ, ನಾನೇ ಬಸ್ಸು ಹತ್ತಿ ಬರುತ್ತೇನೆ.