ಒಂದೇ ಕರಟ

ಊರಿನ ಯಜಮಾನರಾದ ಇಲೈಸಾ ದೊಡ್ಡಪ್ಪನವರಿಗೆ ಸೊಸೆ ವಸಿತಿಯ ವಂದನೆಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ನನಗೀಗ ಏಳು ತಿಂಗಳು. ಪಕ್ಕದ ಮನೆಯ ಲೀತಿಯಾಳಿಗೆ ಎಂಟರಲ್ಲಿ ಈ ಕೆಮ್ಮುಜ್ವರ ಹತ್ತಿತು. ಸುವಾದ ದೊಡ್ಡಾಸ್ಪತ್ರೆಗೆ ಕರೆದೊಯ್ದರೂ ಮಗು ಉಳಿಯಲಿಲ್ಲ. ನರ್ಸಮ್ಮ ನನಗೆ ಸೂಜಿ ಹಾಕಿ, ಕೆಮ್ಮುವವರಿಂದ ದೂರವಿರು ಎಂದರು. ಇದ್ದೇನೆ. ಆದರೆ ನಿಮ್ಮ ಜಗಲಿಯಲ್ಲಿ ದಿನಾ ಸಂಜೆ ಕಾವಾ ಬೇರಿನ ಪಾನಕ ತುಂಬಿದ ಒಂದೇ ಕರಟ ಎಲ್ಲರ ಬಾಯಿಗೂ ಹೋಗುತ್ತದೆ. ಅಲ್ಲಿಂದ ಎದ್ದು ನನ್ನವರು ನನ್ನ ಚಾಪೆಗೇ ಬರುತ್ತಾರೆ.

"ಬೇಡ ಅನ್ರೀ" ಎಂದೆ.

"ದೊಡ್ಡಪ್ಪ ಕೊಟ್ಟ ಕರಟ ಬೇಡ ಅನ್ನೋಕಾಗುತ್ತೇನೇ? ಮೊನ್ನೆ ಸುಮ್ನೆ ಹಿಂದೆ ಕೂತಿದ್ದಕ್ಕೇ, 'ಬಸುರಿ ನೀನೋ ನಿನ್ ಹೆಂಡ್ತಿಯೋ' ಅಂತ ಎಲ್ರೂ ನಕ್ರು" ಎಂದರು.

ನಿಮಗೂ ಎರಡು ದಿನದಿಂದ ಕೆಮ್ಮು ಎಂದು ದೊಡ್ಡಮ್ಮ ಹೇಳಿದರು. ನೀವೇ ಮೊದಲು ಬೇರೆ ಕರಟ ಹಿಡಿದರೆ ಉಳಿದವರೂ ತಮ್ಮ ತಮ್ಮದು ತರುತ್ತಾರೆ, ಯಾರೂ ನಗುವುದಿಲ್ಲ. ನಾನು ಬರೆದೆನೆಂದು ಮಾತ್ರ ನನ್ನವರಿಗೆ ಹೇಳಬೇಡಿ.

ಇಂದು ಬೆಳಿಗ್ಗೆ ಒಂದು ತೆಂಗಿನಕಾಯಿ ಒಡೆದು, ಕರಟವನ್ನು ನುಣ್ಣಗೆ ಕೆರೆದು, ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿಮಗೆ.

ಐಸಾಕೆಯ ಹೆಂಡತಿ,
ವಸಿತಿ