ಬಿಳಿ ಹಲಗೆಯ ಹಿಂದಿದ್ದ ದಿಮ್ಮಿ ಮನೆ

ಜಿಲ್ಲೆಯ ಪರಂಪರೆ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸುಡಲು ತಾವೇ ಅಪ್ಪಣೆ ಕೊಟ್ಟ ಮನೆಯ ಜಾಗದಲ್ಲಿ ಈಗ ಅದರದೇ ನಕಲು ಕಟ್ಟಿಸಲು ಹೊರಟಿದ್ದೀರಿ. ನಾರ್ವೆಯಿಂದ ವಿಸ್ಕಾನ್ಸಿನ್ನಿಗೆ ಬಂದು ಆ ಮನೆ ಕಟ್ಟಿದವರ ಮರಿಮಗಳು ನಾನು. ಇದನ್ನು ಕೇಳಿ ನಗಬೇಕೋ, ತಲೆ ತಗ್ಗಿಸಬೇಕೋ? ನಾನಂತೂ ತಲೆ ತಗ್ಗಿಸಿದ್ದೇನೆ.

ಓಕ್ ಮರದ ದಿಮ್ಮಿಗಳನ್ನು ಚೌಕವಾಗಿ ಕೆತ್ತಿ, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿ, ಗೋಡೆಗೆ ಒಂದೂ ಮೊಳೆಯಿಲ್ಲದೆ ಎಬ್ಬಿಸಿದ ಮನೆ ಅದು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಬಡತನದ ಗುರುತಾದ ಆ ದಿಮ್ಮಿಗಳೆಂದರೆ ಮುತ್ತಜ್ಜಿಗೆ ನಾಚಿಕೆಯಾಗತೊಡಗಿತು. ಹೊರಗೆ ಹಲಗೆ ಹೊಡೆಸಿ ಬಿಳಿ ಬಣ್ಣ ಬಳಿಸಿದಳು, ಒಳಗೆ ಗಾರೆ ಮೆತ್ತಿಸಿದಳು. ದಿಮ್ಮಿಯ ಮಾತೆತ್ತಿದ ಮೊಮ್ಮಕ್ಕಳಿಗೆ ಏಟು ಬೀಳುತ್ತಿತ್ತು.

ಆ ಮೊಮ್ಮಕ್ಕಳಲ್ಲಿ ಈಗ ಉಳಿದಿರುವವರು ನನ್ನ ಥೋರಾ ಅತ್ತೆ ಒಬ್ಬರೇ. ಪಾಳುಬಿದ್ದಿದ್ದ ಆ ಮನೆಯನ್ನು ಸುಡಲು ಅನುಮತಿ ಕೊಡುವ ಮುನ್ನ ನಡೆದ ವಿಚಾರಣೆಯ ದಿನ ತಾವು ಅವರನ್ನು ಕೇಳಿದಿರಿ: "ಅಮ್ಮಾ, ಈ ಮನೇಲಿ ಹಳೇದು ಅಂತ ಏನಾದ್ರೂ ಇದೆಯಾ?"

"ಇಲ್ಲಪ್ಪ. ನಾವೇನ್ ಗತಿಗೆಟ್ಟೋರಾ? ಮೊದ್ಲಿಂದ್ಲೂ ಹಲಗೆ ಮನೇನೇ ನಮ್ದು" ಎಂದರು ಅತ್ತೆ.

ತೊಂಬತ್ತರ ಮುದುಕಿ ಮಾನಕ್ಕಂಜಿ ಆಡಿದ ಮಾತನ್ನು ನಂಬಿ ಕಡತ ಮುಚ್ಚಿದಿರಿ. ಒಂದು ಹಲಗೆ ಎಬ್ಬಿಸಿ ನೋಡಲು ಪರಂಪರೆ ಇಲಾಖೆಯಲ್ಲಿ ಒಂದು ಹಾರೆಯೂ ಇರಲಿಲ್ಲವೇ? ಗೋಡೆ ಯಾಕೆ ಅಷ್ಟು ದಪ್ಪ, ಕಿಟಕಿ ಯಾಕೆ ಅಷ್ಟು ಒಳಗೆ ಎಂದು ಕೇಳಲು ಬಾಯಿಯೂ ಇರಲಿಲ್ಲವೇ?

ಪಾಳುಮನೆಯನ್ನು ಸುಟ್ಟು ಅಭ್ಯಾಸ ಮಾಡಲು ಅಗ್ನಿಶಾಮಕ ದಳಕ್ಕೆ ಬಿಟ್ಟುಕೊಡುವುದು ನಮ್ಮಲ್ಲಿ ವಾಡಿಕೆ; ಈ ಮನೆಯೂ ಹಾಗೆಯೇ ಹೋಯಿತು. ಊರಿಗೆ ಊರೇ ಕುರ್ಚಿ ಹಾಕಿಕೊಂಡು ನೋಡಲು ಕೂತಿತ್ತು. ಹಲಗೆಗಳು ಉರಿದು ಕಳಚಿ ಬಿದ್ದವು. ಹಿಂದೆ ದಿಮ್ಮಿಗಳು ಗಟ್ಟಿಯಾಗಿ ನಿಂತಿದ್ದವು. ದಳದ ಮುಖ್ಯಸ್ಥ ಎಲ್ಮರ್ ಗಾಬರಿಯಿಂದ ನೀರು ಹೊಡೆಸಿ ತಮಗೆ ಫೋನು ಮಾಡಿದ.

"ಸಾರ್, ಇದರೊಳಗೆ ಇನ್ನೊಂದು ಮನೆ ಇದೆ!"

"ಅನುಮತಿ ಇವತ್ತಿಗೆ ಮಾತ್ರ ಕಣ್ರೀ. ಮುಗಿಸ್ಬಿಡಿ."

ತಮ್ಮ ಉತ್ತರ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನೂ ಸೇರಿ ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ದಳದವರು ಮುಗಿಸಿದರು.

ಅಂದಿನಿಂದ ಅತ್ತೆ ಚರ್ಚಿಗೂ ಹೋಗುತ್ತಿಲ್ಲ. "ನನ್ನ ಸುಳ್ಳೇ ಕಣೇ ಅದನ್ನ ಸುಟ್ಟಿದ್ದು. ಯಾವ ಮುಖ ಹೊತ್ಕೊಂಡು ಹೋಗ್ಲಿ?" ಎನ್ನುತ್ತಾರೆ. ತಾವೋ, ನಕಲು ಮನೆಯ ರಿಬ್ಬನ್ ಕತ್ತರಿಸಲು ಅವರನ್ನೇ ಆಹ್ವಾನಿಸಿದ್ದೀರಿ! ಫಲಕದ ಮೇಲೆ 'ಮೂಲ ಮನೆ ಕಾಲಗತಿಯಲ್ಲಿ ನಾಶವಾಯಿತು' ಎಂದು ಬರೆಸುತ್ತೀರಂತೆ. ಕಾಲ ಯಾವತ್ತು ಬೆಂಕಿಪೊಟ್ಟಣ ಹಿಡಿದು ಬಂದಿತ್ತು, ಸ್ವಾಮಿ?

ನಕಲು ಬೇಡ. ಫಲಕದಲ್ಲಿ ಹೀಗೆ ಬರೆಸಿ: 'ಈ ಮನೆಯನ್ನು ಜಿಲ್ಲಾಡಳಿತದ ಅನುಮತಿಯಿಂದ, ಊರವರ ಸಮ್ಮುಖದಲ್ಲಿ ಸುಡಲಾಯಿತು.' ಅದನ್ನು ನೆಡುವ ಮೊದಲು ತಾವೇ ಅತ್ತೆಯ ಅಡುಗೆಮನೆಗೆ ಬಂದು, ದಿಮ್ಮಿ ಕಂಡ ಮೇಲೂ ಸುಡಲು ಹೇಳಿದ್ದು ತಾವೆಂದು ಅವರೆದುರು ಒಪ್ಪಿಕೊಳ್ಳಿ. ಅಷ್ಟು ಕೇಳಿಸಿಕೊಂಡರೆ ಬರುವ ಭಾನುವಾರ ಅವರು ಹೊಸಿಲು ದಾಟಿಯಾರು.

ಇಂತಿ,
ತಮ್ಮನ್ನು ಬೈಯುವ ಯೋಗ್ಯತೆ ಪೂರ್ತಿ ಉಳಿಸಿಕೊಳ್ಳದ
ಸಿಗ್ನೆ ಹೌಗೆನ್