ಎಂಟು ಜನ ಆಗದೆ ಹಡಗು ಹೊರಡುವುದಿಲ್ಲ

ನವೆಂಬರ್ 11, ಮಂಗಳವಾರ

ಎರಡನೇ ಮೆಷಿನ್ನಿಗೂ ಎಣ್ಣೆ ಬಿಟ್ಟಾಯಿತು. ಬೆಲ್ಟ್ ಸಡಿಲವಾಗಿದೆ, ಬಿಗಿ ಮಾಡಿಸಬೇಕು. ಮೂರನೆಯದು ಇದ್ದ ಜಾಗ ಖಾಲಿ. ನೆಲದಲ್ಲಿ ನಾಲ್ಕು ಕಾಲಿನ ಗುರುತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಯೂನಿಫಾರ್ಮ್ ಹೊಲಿಗೆಯ ಕಾಲ ಮುಗಿದ ಮೇಲೆ ಅಂಗಡಿಗೆ ಬರುವುದೇನು — ಜಿಪ್ ಕಿತ್ತ ಪ್ಯಾಂಟು, ಹೊಟ್ಟೆ ಬಂದ ಗಂಡಸರ ಸೊಂಟ ಬಿಡಿಸುವ ಕೆಲಸ. ಅಂಥದ್ದೊಂದು ಸೊಂಟ ಬಿಡಿಸುತ್ತಾ ಕೂತಿದ್ದಾಗ ಸೊಸೆ ಮೊಬೈಲು ಹಿಡಿದು ಬಂದಳು.

"ಅತ್ತೆ, ಥೀಮ್ ಪಾರ್ಕಿನವರು ಈ ವರ್ಷ ಆಫ್ ಸೀಸನ್‌ನಲ್ಲೂ ಶನಿವಾರ ಭಾನುವಾರ ತೆಗೀತಾರಂತೆ. ಅರ್ಧ ರೇಟು! ಎಂಟು ಜನಕ್ಕೆ ಫ್ಯಾಮಿಲಿ ಪಾಸ್."

"ನಾವಿರೋದು ಐದು ಜನ."

"ಐದು ಟಿಕೆಟ್ ಬಿಡಿಯಾಗಿ ತಗೊಳ್ಳೋದಕ್ಕಿಂತ ಎಂಟರ ಪಾಸೇ ಅಗ್ಗ."

ಇದ್ಯಾವ ಸೀಮೆಯ ಲೆಕ್ಕ! ಅರ್ಧ ರೇಟು ಅಂದವರು ಎಲ್ಲೋ ಅರ್ಧ ಕತ್ತರಿಸಿಯೇ ಇರುತ್ತಾರೆ. ನಮ್ಮ ಅಂಗಡಿಗೂ ಆಫ್ ಸೀಸನ್ ಬರುತ್ತದೆ. ಅರ್ಧ ರೇಟು ಅಂತ ಒಂದೇ ತೋಳಿನ ಅಂಗಿ ಹೊಲಿದು ಕೊಟ್ಟಿದ್ದೇವೆಯೇ?

"ಉಳಿದ ಮೂರು ಜನ ಯಾರು?" ಅಂದೆ.

ಗೋಡೆ ನೋಡಿದಳು. ಗೋಡೆಯಲ್ಲಿ ಏನಿದೆ? ಅಳತೆ ಟೇಪು ಬಿಟ್ಟರೆ ಏನೂ ಇಲ್ಲ.

ಆ ಮೂವರು ಯಾರೆಂದು ನನಗೆ ಗೊತ್ತು. ನನ್ನ ಮಗಳು, ಅಳಿಯ, ಅವರ ಚಿನಕುರಳಿ ಹುಡುಗಿ. ನನ್ನ ಪಕ್ಕದಲ್ಲೇ ಹೊಲಿಯುತ್ತಿದ್ದ ಮಗಳಿಗೆ ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರೂ ಬೇಕಂತೆ. ನಾನಿರುವ ತನಕ ಒಂದೇ ಹೆಸರು ಅಂದೆ. ತನ್ನ ಮೆಷಿನ್ ಎತ್ತಿಸಿಕೊಂಡು ಹೋಗಿ, ಇದೇ ಬೀದಿಯ ಆ ತುದಿಯಲ್ಲಿ, ಔಷಧಿ ಅಂಗಡಿಯ ಪಕ್ಕ ಸ್ವಂತ ಅಂಗಡಿ ಇಟ್ಟಳು. ಬೇಸಿಗೆಯಿಂದ ಮಾತಿಲ್ಲ. ಮೊದಲು ನಾನು ಆಡುವುದಿಲ್ಲ. ಆಡುವುದಿಲ್ಲ ಅಂದರೆ ಆಡುವುದಿಲ್ಲ.

ಪಾಸು ತೆಗೆದುಕೊಳ್ಳಲಿ. ಮೂರು ಸೀಟು ಖಾಲಿ ಹೋಗಲಿ.

ನವೆಂಬರ್ 13, ಗುರುವಾರ

ಮೊಮ್ಮಕ್ಕಳು ಅವಳಿ. ಒಬ್ಬಳು ಎಡಗಿವಿಗೆ, ಒಬ್ಬಳು ಬಲಗಿವಿಗೆ. "ಅಜ್ಜೀ ಹಡಗು, ಅಜ್ಜೀ ಹಡಗು." ತೂಗುವ ಹಡಗಂತೆ. ಆಕಾಶದವರೆಗೆ ಹೋಗುತ್ತದಂತೆ.

ಮಗನನ್ನು ಕೂರಿಸಿಕೊಂಡು ಆ ಜಾಹೀರಾತಿನ ಕೆಳಗಿನ ಸಣ್ಣ ಅಕ್ಷರ ಓದಿಸಿದೆ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ನೀರಿನ ಆಟ ಇಲ್ಲ. ರೈಲು ರಿಪೇರಿ. "ಕೆಲವು ಆಟಗಳು ಜನರ ಸಂಖ್ಯೆಯನ್ನು ಅವಲಂಬಿಸಿರುತ್ತವೆ."

"ಹಾಗಂದ್ರೆ?"

"ಹೋಗಿ ನೋಡಿದ್ರೆ ಗೊತ್ತಾಗತ್ತಮ್ಮ."

ಬಟ್ಟೆ ಕೊಳ್ಳುವಾಗ ಹೀಗೇ ಅನ್ನುತ್ತಾನೆ. ಒಗೆದು ನೋಡಿದರೆ ಗೊತ್ತಾಗುತ್ತದೆ ಅಂತ. ಒಗೆದ ಮೇಲೆ ಗೊತ್ತಾಗಿ ಏನು ಬಂತು?

ಸಂಜೆ ಸೊಸೆ ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಬಸ್ ಓಡಿಸುವ ಅಳಿಯ ತನ್ನ ಅಣ್ಣನ ಊರಿಗೆ ವರ್ಗ ಕೇಳಿದ್ದಾನೆ. ಸಿಕ್ಕರೆ ಅಂಗಡಿ ಮುಚ್ಚಿ ಮೂವರೂ ಹೊರಡುತ್ತಾರೆ. ಒಂದು ಇಡೀ ಹಗಲಿನ ಪ್ರಯಾಣದ ದೂರ.

"ಹೋಗಲಿ" ಅಂದೆ.

ಆಮೇಲೆ ಅಂಗಡಿಗೆ ಬಂದು, ಒಮ್ಮೆ ಗಿಡ್ಡ ಮಾಡಬೇಕಾದ ಪ್ಯಾಂಟನ್ನು ಎರಡು ಸಲ ಗಿಡ್ಡ ಮಾಡಿದೆ. ಗಿರಾಕಿ ಆರಡಿ ಆಳು. ಏನು ಹೇಳಲಿ ಅವನಿಗೆ.

ನವೆಂಬರ್ 16, ಭಾನುವಾರ. ಸಂಜೆ

ಕಾಲು ನೋವು. ತಲೆ ಇನ್ನೂ ತೂಗುತ್ತಿದೆ. ಆದರೂ ಬರೆಯಬೇಕು, ಇಲ್ಲದಿದ್ದರೆ ಸಿಟ್ಟು ಇಳಿಯುವುದಿಲ್ಲ.

ಗೇಟಿನಲ್ಲಿ ನರಪಿಳ್ಳೆಯೂ ಇಲ್ಲ. ಟಿಕೆಟ್ ಕಿಟಕಿಗಳ ಸಾಲಿನಲ್ಲಿ ತೆರೆದದ್ದು ಒಂದು. ಒಳಗೆ ಹಾಡು ಮಾತ್ರ ಜೋರು — ಖಾಲಿ ಕುರ್ಚಿಗಳಿಗೆ ಹಾಡಿ ತೋರಿಸುತ್ತಿದ್ದಾರೆ. ಕಾರಂಜಿಯಲ್ಲಿ ಒಣ ಎಲೆ. ಸುತ್ತುವ ಆಟದ ಮರದ ಕುದುರೆಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದ್ದಾರೆ. ಕ್ಯಾಂಟೀನಿನಲ್ಲಿ ಟೀ ಇದೆ, ಸಕ್ಕರೆ ಇಲ್ಲ; ಬಿಸ್ಕತ್ತು ಇದೆ, ಮೆತ್ತಗೆ. ಅವಳಿಗಳು ಓಡಿ ಓಡಿ ಹೋಗಿ ನೋಡುವುದು, ಬಾಗಿಲಿಗೆ ಬೀಗ, ವಾಪಸ್ಸು. ಪುಟ್ಟ ಮುಖಗಳು ಸುಕ್ಕಾಗುತ್ತಾ ಬಂದವು.

"ನಾನು ಹೇಳಲಿಲ್ವಾ?" ಅಂದೆ ಮಗನಿಗೆ.

"ಹೇಳಿದ್ಯಮ್ಮ. ಬಸ್ಸಿನಲ್ಲೂ ಹೇಳಿದೆ."

ಕೊನೆಗೆ ಹಡಗು. ತೆರೆದಿತ್ತು! ಉಣ್ಣೆ ಟೋಪಿಯ ಆಪರೇಟರ್ ಪೇಪರ್ ಓದುತ್ತಾ ಕೂತಿದ್ದ. ನಮ್ಮನ್ನು ಬೆರಳಲ್ಲಿ ಎಣಿಸಿ ಮತ್ತೆ ಪೇಪರಿಗೆ ಹೋದ.

"ಎಂಟು ಜನ ಆಗ್ದೆ ಹೊರಡಿಸೋ ಹಾಗಿಲ್ಲ."

"ನಾವು ಐದು ಜನ ಬಂದಿದೀವಲ್ಲ."

"ಐದು ಎಂಟಾಗಲ್ವಲ್ಲ ಅಜ್ಜಿ. ಎರಡೂ ಕಡೆ ಭಾರ ಬೇಕು. ರೂಲ್ಸು."

ಅಜ್ಜಿಯಂತೆ. ಅವನಿಗೇ ಅರ್ಧ ಮೀಸೆ ಬೆಳ್ಳಗಾಗಿದೆ.

"ಜನ ಬರದ ಕಾಲದಲ್ಲಿ ಬಾಗಿಲು ತೆಗೆಯೋದು, ಜನ ಇಲ್ಲ ಅಂತ ಆಟ ನಿಲ್ಲಿಸೋದು. ಇದೇನು ವ್ಯಾಪಾರ ಕಣಯ್ಯ?"

"ಅದನ್ನ ಆಫೀಸಿನಲ್ಲಿ ಕೇಳಿ. ಆಫೀಸು ಸೀಸನ್‌ನಲ್ಲಿ ತೆಗೆಯತ್ತೆ."

ಅವಳಿಗಳಲ್ಲಿ ಒಬ್ಬಳು ಅಳುವುದಕ್ಕೆ ಶುರು. ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳಿಗೆ ಕಾರಣ ಬೇಕಿಲ್ಲ. ಆಗ ಸೊಸೆ ಗಡಿಯಾರ ನೋಡಿಕೊಂಡಳು. ನಾನು ಸೊಸೆಯನ್ನು ನೋಡಿದೆ. ಅಷ್ಟರಲ್ಲಿ ಪ್ಲಾಸ್ಟಿಕ್ ಹೊದ್ದ ಕುದುರೆಗಳ ಹಿಂದಿನಿಂದ ಮಗಳು, ಅಳಿಯ, ಚಿನಕುರಳಿ.

ಉಳಿದ ಮೂರು ಟಿಕೆಟ್ಟು ಎಲ್ಲಿ ಹೋಗಿದ್ದವು ಅಂತ ತಿಳಿಯಿತು. ಬೆಕ್ಕಿನ ಹಾಗೆ ಇರುತ್ತಾಳೆ ಈ ಸೊಸೆ!

ಮಗಳೂ ನನ್ನನ್ನು ಕಂಡು ಗಕ್ಕನೆ ನಿಂತಳು. ಅವಳಿಗೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಹಿಂದೆ ತಿರುಗುತ್ತಿದ್ದಳೋ ಏನೋ — ಆಪರೇಟರ್ ಪೇಪರ್ ಮಡಚಿ ಎದ್ದೇಬಿಟ್ಟ. "ಎಂಟಾಯ್ತು, ಹತ್ತಿ ಹತ್ತಿ!" ಮೂರೂ ಮಕ್ಕಳು ಆಗಲೇ ಮೆಟ್ಟಿಲ ಮೇಲೆ.

"ನಾನು ಹತ್ತಲ್ಲ" ಅಂದೆ.

"ಹಾಗಾದ್ರೆ ಏಳು."

ಮೂರು ಜೊತೆ ಕಣ್ಣು ನನ್ನ ಮೇಲೆ. ಹತ್ತಿದೆ.

ಅವನು ಕೂರಿಸಿದ ಕ್ರಮ ಕೇಳಬೇಕು. ಹಡಗಿನ ಈ ತುದಿಯವರು ಆ ತುದಿಯವರಿಗೆ ಎದುರಾಗಿ ಕೂರಬೇಕು. "ಅಜ್ಜಿ ಈ ತುದಿಗೆ. ಅಕ್ಕ, ನೀವು ಆ ತುದಿಗೆ. ಇಬ್ಬರದೂ ಒಂದೇ ಅಚ್ಚು, ತೂಕ ಸರಿಹೋಗತ್ತೆ." ಅಳಿಯ ಕೆಮ್ಮಿದ. ಕೆಮ್ಮಲ್ಲ ಅದು.

ಹೊರಟಿತು. ಮೊದಲು ತೊಟ್ಟಿಲಿನ ಹಾಗೆ, ಆಮೇಲೆ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ನಾನು ಕೆಳಗಿಳಿದಾಗ ಅವಳು ನನ್ನ ತಲೆಯ ಮೇಲೆ. ಅವಳು ಇಳಿದಾಗ ನಾನು ಮೇಲೆ. ಕಣ್ಣು ಮುಚ್ಚಿದರೆ ವಾಂತಿ ಬರುತ್ತದೆ, ತೆರೆದರೆ ಮಗಳು ಕಾಣುತ್ತಾಳೆ. ತೆರೆದೇ ಇಟ್ಟೆ.

ಕ್ಯೂ ಇಲ್ಲದ್ದರಿಂದ ಆಪರೇಟರ್ ನಿಲ್ಲಿಸಲೇ ಇಲ್ಲ. "ಇನ್ನೊಂದು ಸುತ್ತು?" ಅನ್ನುವುದು, ಮಕ್ಕಳು "ಹೂಂ!" ಅನ್ನುವುದು. ನನ್ನನ್ನು ಕೇಳುವವರಿಲ್ಲ. ಹಾಗೆ ತೂಗುತ್ತಿದ್ದಾಗಲೇ ಕಂಡದ್ದು. ಅವಳು ತೊಟ್ಟಿದ್ದ ಬೂದು ಕೋಟಿನ ಬಲತೋಳು. ತಿರುಚಿಕೊಂಡು ಕೂತಿದೆ. ಭುಜದಲ್ಲಿ ನೆರಿಗೆ, ಮೊಣಕೈ ಹಿಂದಕ್ಕೆ ಎಳೆಯುತ್ತಿದೆ. ಅವಳದೇ ಹೊಲಿಗೆ, ನನಗೆ ಗೊತ್ತಾಗದೇ? ಆದರೆ ಈ ತೋಳು! ಹೈಸ್ಕೂಲು ಮುಗಿಸುವ ಮೊದಲೇ ತೋಳು ಕೂರಿಸಲು ಕಲಿತ ಹುಡುಗಿ. ಮೇಲೆ ಹೋಗುವಾಗಲೂ ಅದೇ ನೋಡಿದೆ, ಕೆಳಗೆ ಬರುವಾಗಲೂ ಅದೇ. ಹೆದರುವುದೇ ಮರೆತುಹೋಯಿತು.

ಇಳಿದವಳು ನೆಟ್ಟಗೆ ಹೋಗಿ ಅವಳ ಭುಜ ಹಿಡಿದೆ.

"ಇದೇನೇ ಇದು? ಯಾರು ಕೂರಿಸಿದ್ದು ಈ ತೋಳು?"

"ನಾನೇ."

"ಪಿನ್ ಹಾಕದೆ ಹೊಲಿದ್ಯಾ?"

"ಯಾರಮ್ಮ ಹಾಕ್ತಾರೆ? ನನ್ನ ಭುಜಕ್ಕೆ ನಾನೇ ಹಾಕ್ಕೊಳ್ಳಕ್ಕಾಗತ್ತಾ?"

"ನಾನು ಹಾಕೋಕೆ ಹೋದೆ ಅತ್ತೆ," ಅಂದ ಅಳಿಯ, "ರಕ್ತ ಬಂತು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತೋಳು ಕೂರಿಸುವುದು ನಮ್ಮಲ್ಲಿ ಯಾವಾಗಲೂ ಇಬ್ಬರ ಕೆಲಸ. ಅವಳ ಬಟ್ಟೆಗೆ ನಾನು ಪಿನ್ ಹಾಕಬೇಕು, ನನ್ನದಕ್ಕೆ ಅವಳು.

"ಬಿಚ್ಚಿ ಕೊಡು. ಸರಿ ಮಾಡ್ತೀನಿ."

"ಬೇಡ ಬಿಡು. ಹೊಸ ಊರಲ್ಲಿ ಯಾರಾದ್ರೂ ಸಿಗ್ತಾರೆ."

ಮಕ್ಕಳ ಕೈ ಹಿಡಿದು ಮುಂದೆ ಹೋದಳು. ಬಸ್ಸಿನಲ್ಲಿ ನಾನು ಮುಂದಿನ ಸೀಟು, ಅವಳು ಕೊನೆಯ ಸೀಟು.

ನವೆಂಬರ್ 17, ಸೋಮವಾರ

ಎದುರುಮನೆಯಾಕೆ ಕೇಳಿದಳು, "ಹೋಗಬಹುದಾ ಅಕ್ಕ, ದುಡ್ಡಿಗೆ ತಕ್ಕ ಹಾಗಿದೆಯಾ?"

ಇಲ್ಲ ಅಂದೆ. ಬೆಲೆ ಅರ್ಧ ಇಳಿಸಿದ್ದಾರೆ, ಆಟ ಮುಕ್ಕಾಲು ಇಳಿಸಿದ್ದಾರೆ. ಬೀಗ ನೋಡಲು ಬಸ್ ಹತ್ತಿ ಹೋಗಬೇಕೇ? ಸೀಸನ್‌ನಲ್ಲಾದರೆ ದುಡ್ಡು ಕೊಟ್ಟು ಕ್ಯೂ ಕೊಂಡುಕೊಳ್ಳುತ್ತೇವೆ, ಅದು ಬೇರೆ ಮಾತು. ಈಗ ಕ್ಯೂ ಇಲ್ಲ, ನಿಜ. ಮಕ್ಕಳು ಒಂದೇ ಹಡಗಿನಲ್ಲಿ ಸಾಕು ಸಾಕು ಅನ್ನುವಷ್ಟು ತೂಗಿದರು, ಅದೂ ನಿಜ. ಸಣ್ಣ ಮಕ್ಕಳಿದ್ದು, ಯಾವುದು ತೆರೆದಿದೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಹೋಗಬಹುದೇನೋ. ಮತ್ತೆ ಎಂಟು ಜನ ಇದ್ದರೆ.

"ನಿಮ್ಮಲ್ಲಿ ಎಂಟು ಜನ ಇದ್ದಾರಲ್ಲ" ಅಂದಳು ಆಕೆ.

ಇವಳಿಗೆ ಬೇರೆ ಕೆಲಸವಿಲ್ಲ.

ನವೆಂಬರ್ 22, ಶನಿವಾರ. ಸಂಜೆ, ದೀಪ ಹಾಕಿದ ಮೇಲೆ

ನಾಲ್ಕು ದಿನ ಬರೆಯಲಿಲ್ಲ. ಬರೆಯುವುದಕ್ಕೇನಿತ್ತು — ಸೊಂಟ, ಜಿಪ್, ಸೊಂಟ.

ಅಳಿಯನಿಗೆ ವರ್ಗದ ಆರ್ಡರ್ ಬಂದಿದೆ. ಬೇಕೋ ಬೇಡವೋ ಸೋಮವಾರ ಹೇಳಬೇಕಂತೆ. ಮಧ್ಯಾಹ್ನ ಮಗ ಹೇಳಿದ. ಹೇಳಿ ನನ್ನ ಮುಖ ನೋಡುತ್ತಾ ನಿಂತ. "ಏನು ನೋಡ್ತಿದೀಯ, ಕೆಲಸ ನೋಡು" ಅಂದೆ. ಪಿನ್ನಿನ ಡಬ್ಬಿ ಕೈಚೀಲಕ್ಕೆ ಹಾಕಿಕೊಂಡು ಬೀದಿಯ ಆ ತುದಿಗೆ ಹೋದೆ.

ಅಂಗಡಿ ಚಿಕ್ಕದು. ಇಬ್ಬರು ನಿಂತರೆ ಮೂರನೆಯವರು ಹೊರಗೆ. ಆದರೆ ಚೊಕ್ಕಟ. ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದಾಳೆ, ತಿಳಿಯಿಂದ ಗಾಢಕ್ಕೆ, ನನ್ನ ಹಾಗೆಯೇ. ಅರ್ಧ ಬಟ್ಟೆ ಆಗಲೇ ಪೆಟ್ಟಿಗೆಗೆ ಹೋಗಿದೆ.

"ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೋ" ಅಂದೆ.

ನಿಂತಳು. ತೋಳು ಬಿಚ್ಚಿದೆ. ತಿರುಗಿಸಿ ಹಿಡಿದೆ. ಪಿನ್ ಹಾಕುತ್ತಾ ಬಂದೆ.

"ಭುಜ ಕೆಳಗಿಳಿಸು. ಇಷ್ಟು ಸಣ್ಣ ಆಗಿದೀಯ?"

"ಆಪರೇಟರ್ ಇಬ್ಬರದೂ ಒಂದೇ ತೂಕ ಅಂದ್ನಲ್ಲ."

"ಅವನ ಕಣ್ಣು ಕೋಟು ನೋಡಿದ್ದು. ನನ್ನ ಕೈ ನಿನ್ನನ್ನ ನೋಡ್ತಿದೆ."

ಕೊನೆಯ ಪಿನ್ ಹಾಕುವಾಗ ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದಳು:

"ಅಮ್ಮ, ತೋಳಿಗೆ ಬಂದ್ಯಾ, ಹೋಗಬೇಡ ಅನ್ನೋಕೆ ಬಂದ್ಯಾ?"

ಬಾಯಲ್ಲಿ ಪಿನ್ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ತೋಳಿಗೆ" ಅಂದೆ.

"ಆಯ್ತು. ತೋಳು ಚೆನ್ನಾಗಿ ಕೂತಿದೆ. ಉಳಿದದ್ದನ್ನ ನಾನೇ ಹೊಲ್ಕೋತೀನಿ." ಕೋಟು ಬಿಚ್ಚಿ ಮೆಷಿನ್ನಿನ ಮೇಲೆ ಹಾಕಿದಳು. ಪೆಟ್ಟಿಗೆಯ ಕಡೆ ತಿರುಗಿದಳು.

ಬಂದುಬಿಟ್ಟೆ. ಏನು ಕೊಬ್ಬು! ತಾಯಿ ತಾನಾಗಿ ಬೀದಿಯುದ್ದ ನಡೆದು ಹೋಗಿ ಪಿನ್ ಹಾಕಿದ್ದಾಳೆ, ಇನ್ನು ಬಾಯಿಬಿಟ್ಟೂ ಹೇಳಬೇಕಂತೆ. ಅಷ್ಟೂ ಅರ್ಥವಾಗದವಳೇ? ಅರ್ಥವಾಗುತ್ತದೆ. ಅರ್ಥವಾಗಿಯೇ ಕೇಳುತ್ತಿದ್ದಾಳೆ. ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ. ಕೇಳಿ, ಉತ್ತರ ಸಿಗದಿದ್ದರೆ ನಾನೂ ಪೆಟ್ಟಿಗೆ ಕಟ್ಟುತ್ತಿದ್ದೆ. ಒಂದೇ ಅಚ್ಚು.

ಬೆಳಿಗ್ಗೆ ಹೋಗಿ ಹೇಳಿದರಾಯಿತು. ಅಂಗಡಿ ತೆರೆಯುವ ಮೊದಲೇ. ಹೋಗಬೇಡ ಅನ್ನುವುದು. ಬೋರ್ಡು ಬರೆಯುವವನನ್ನು ಕರೆಸುತ್ತೇನೆ ಅನ್ನುವುದು. ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ಆಮೇಲೆ ಜಗಳ ಆಡಬಹುದು. ಅಕ್ಕಪಕ್ಕ ಬರೆಸಿದರೂ ಆದೀತು.

ಬೆಳಿಗ್ಗೆ ನಾಲಿಗೆ ಮತ್ತೆ "ತೋಳಿಗೆ" ಅಂದರೆ?

ಕಿಟಕಿಯಿಂದ ಬಗ್ಗಿದರೆ ಬೀದಿಯ ಆ ತುದಿ ಕಾಣುತ್ತದೆ. ಷಟರ್ ಅರ್ಧ ಇಳಿಸಿದ್ದಾಳೆ. ಒಳಗಿನ ಬೆಳಕು ರಸ್ತೆಯ ಮೇಲೆ ಬಿದ್ದಿದೆ. ಈಗ ಕಾಲು ಕಾಣಿಸಿತು, ಷಟರ್ ಎಳೆಯಲು ಹೊರಗೆ ಬಂದಿದ್ದಾಳೆ — ಏ ಇವಳೇ, ನನ್ನ ಚಪ್ಪಲಿ ಎಲ್ಲಿ ಅಂತ ಕೂಗುತ್ತಿದ್ದೇನೆ, ಟಿವಿ ಗಲಾಟೆಯಲ್ಲಿ ಯಾರಿಗೂ ಕೇಳಿಸುತ್ತಿಲ್ಲ, ಬರಿಗಾಲಲ್ಲೇ ಹೊರಟೆ —